ಮರದ ಪೆಟ್ಟಿಗೆಗಳಾಗಿ ಬಂದು ನಿಲ್ಲುವ ಮನೆಗಳು

ಕಾರ್ಖಾನೆಯಲ್ಲಿ ಸಿದ್ಧವಾದ ಮರದ ಘಟಕಗಳನ್ನು ಜೋಡಿಸಿ, ಮಧ್ಯಮ ಮತ್ತು ಕಡಿಮೆ ಆದಾಯದ ಕುಟುಂಬಗಳಿಗೆ ಬಹುಮಹಡಿ ವಸತಿ ಕಟ್ಟುವ ಯುರೋಪಿನ ಪದ್ಧತಿಯ ಬಗ್ಗೆ ಎರಡು ಸಂಚಿಕೆಗಳ ಹಿಂದೆ ಈ ಅಂಕಣದಲ್ಲಿ ನಾಲ್ಕು ಸಾಲು ಬರೆದಿದ್ದೆ. ಅದಕ್ಕೆ ಬಂದ ಪತ್ರಗಳಲ್ಲಿ ಮೆಚ್ಚುಗೆಗಿಂತ ಅನುಮಾನವೇ ಹೆಚ್ಚಾಗಿತ್ತು. ಮರವನ್ನು ಬಲ್ಲ ನಾಡಿನವರು ಮರದ ಬಗ್ಗೆ ಅನುಮಾನ ಪಡುವುದು ಸಹಜವೇ ಆದ್ದರಿಂದ, ಈ ಬಾರಿಯ ಅಂಕಣವನ್ನು ಆ ಪ್ರಶ್ನೆಗಳಿಗೇ ಮೀಸಲಿಡುತ್ತಿದ್ದೇನೆ.

ಪ್ರಶ್ನೆ: ನಮ್ಮ ಮಗ ಕೆಲಸದ ನಿಮಿತ್ತ ಫಿನ್ಲೆಂಡಿನ ಯುವಾಸ್ಕುಲಾ ಎಂಬ ಊರಿನಲ್ಲಿದ್ದಾನೆ. ಅಲ್ಲಿ ಎಂಟು ಮಹಡಿಯ ಮರದ ವಸತಿ ಸಮುಚ್ಚಯವೊಂದಿದೆ ಎಂದು ಫೋಟೊ ಕಳಿಸಿದ್ದಾನೆ. ನಮ್ಮ ಮನೆಯ ಅಟ್ಟಕ್ಕೆ ಹಾಕಿದ ತೊಲೆಯೇ ನಲವತ್ತು ವರ್ಷಗಳಲ್ಲಿ ಬಾಗಿದೆ. ಎಂಟು ಮಹಡಿ ಹೇಗೆ ನಿಂತೀತು?
— ನಿವೃತ್ತ ಶಿಕ್ಷಕರು, ಶಿರಸಿ

ಉತ್ತರ: ನಿಮ್ಮ ಮಗ ನೋಡಿರುವುದು ಆ ಊರಿನ ಕುವೊಕ್ಕಲ ಬಡಾವಣೆಯಲ್ಲಿರುವ ‘ಪೂಕುವೊಕ್ಕ’ ಎಂಬ ಸಮುಚ್ಚಯವೇ ಇರಬೇಕು. ವಾಸ್ತುಶಿಲ್ಪಿ ಆನ್ಸಿ ಲಾಸ್ಸಿಲ ಅವರ ಸಂಸ್ಥೆ ವಿನ್ಯಾಸಗೊಳಿಸಿದ ಇದರ ಮೊದಲ ಕಟ್ಟಡ 2015ರಲ್ಲಿ ಮುಗಿಯಿತು. ಫಿನ್ಲೆಂಡಿನ ಮೊದಲ ಎಂಟು ಮಹಡಿಯ ಮರದ ವಸತಿ ಕಟ್ಟಡವೆಂದು ಹೆಸರಾಗಿ, ಅದೇ ವರ್ಷ ಆ ದೇಶದ ವಾಸ್ತುಶಿಲ್ಪದ ಫಿನ್ಲಾಂಡಿಯಾ ಪ್ರಶಸ್ತಿಯನ್ನೂ ಅದು ಪಡೆಯಿತು.

ನಿಮ್ಮ ಅಟ್ಟದ ತೊಲೆ ಬಾಗಿರುವುದಕ್ಕೆ ಎರಡು ಕಾರಣಗಳಿರಬಹುದು. ಒಂದು, ಮರ ಪೂರ್ತಿ ಒಣಗುವ ಮೊದಲೇ ಅದನ್ನು ಏರಿಸಿರಬಹುದು. ಎರಡು, ಎರಡು ತುದಿಗಳ ಮೇಲೆ ಮಲಗಿಸಿದ ತೊಲೆ ನಡುವಿನಲ್ಲಿ ದಶಕಗಳ ಕಾಲ ಭಾರ ಹೊತ್ತರೆ ಯಾವ ಮರವಾದರೂ ಸ್ವಲ್ಪ ಸ್ವಲ್ಪವೇ ಜಗ್ಗುತ್ತದೆ. ಪೂಕುವೊಕ್ಕದಲ್ಲಿ ಮಹಡಿಗಳ ಭಾರವನ್ನು ಹೊರುವುದು ಮಲಗಿದ ತೊಲೆಗಳಲ್ಲ, ಎದ್ದು ನಿಂತ ಗೋಡೆಗಳು. ಸ್ಪ್ರೂಸ್ ಎಂಬ ಚಳಿನಾಡಿನ ಮೆದುಮರದ ಒಣಗಿಸಿದ ಹಲಗೆಗಳನ್ನು ಒಂದು ಪದರ ಉದ್ದಕ್ಕೆ, ಮುಂದಿನ ಪದರ ಅಡ್ಡಕ್ಕೆ, ಹೀಗೆ ಮೂರು, ಐದು ಅಥವಾ ಏಳು ಪದರಗಳಾಗಿ ಜೋಡಿಸಿ, ಅಂಟು ಹಾಕಿ ಒತ್ತಿದಾಗ ದಪ್ಪನೆಯ ಚಪ್ಪಡಿಯಂಥ ಫಲಕ ಸಿಗುತ್ತದೆ. ಪ್ಲೈವುಡ್ಡಿನಲ್ಲಿ ತೆಳು ಸಿಪ್ಪೆಗಳಿಂದ ಮಾಡುವುದನ್ನೇ ಇಲ್ಲಿ ಇಡೀ ಹಲಗೆಗಳಿಂದ ಮಾಡುತ್ತಾರೆ ಎಂದರೂ ತಪ್ಪಾಗದು. ಕ್ರಾಸ್ ಲ್ಯಾಮಿನೇಟೆಡ್ ಟಿಂಬರ್, ಚಿಕ್ಕದಾಗಿ ಸಿಎಲ್‌ಟಿ ಎಂದು ಕರೆಯಲಾಗುವ ಈ ಫಲಕದ ಶಾಸ್ತ್ರೀಯ ಅಧ್ಯಯನ 1990ರ ದಶಕದಲ್ಲಿ ಆಸ್ಟ್ರಿಯಾದ ಗ್ರಾಟ್ಸ್ ನಗರದ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಗಟ್ಟಿಗೊಂಡಿತು. ಆ ಕೆಲಸಕ್ಕಾಗಿ ಅಲ್ಲಿನ ಪ್ರಾಧ್ಯಾಪಕ ಗೆರ್ಹಾರ್ಡ್ ಶಿಕ್‌ಹೋಫರ್ ಅವರಿಗೆ 2019ರಲ್ಲಿ ಮಾರ್ಕಸ್ ವಾಲೆನ್‌ಬರ್ಗ್ ಪ್ರಶಸ್ತಿ ಸಂದಿದೆ. ಮರ ತೇವಕ್ಕೆ ಹಿಗ್ಗುವುದೂ ಕುಗ್ಗುವುದೂ ಮುಖ್ಯವಾಗಿ ಅದರ ನಾರಿನ ಅಡ್ಡ ದಿಕ್ಕಿನಲ್ಲಿ. ಪದರಗಳು ಪರಸ್ಪರ ಅಡ್ಡವಾಗಿರುವುದರಿಂದ ಒಂದರ ಚಲನೆಯನ್ನು ಇನ್ನೊಂದು ಹಿಡಿದಿಡುತ್ತದೆ. ಭಾರದ ಮಾತಿಗೆ ಬಂದರೆ, ಕಾಂಕ್ರೀಟು ಘನ ಮೀಟರಿಗೆ ಸುಮಾರು 2400 ಕಿಲೋಗ್ರಾಂ ತೂಗಿದರೆ ಈ ಫಲಕ ತೂಗುವುದು 500 ಕಿಲೋಗ್ರಾಂನ ಆಸುಪಾಸು. ಹೀಗಾಗಿ ಕೆಳಗಿನ ಮಹಡಿಯ ಗೋಡೆ ಹೊರಬೇಕಾದ ಹೊರೆಯೇ ಬಹಳ ಕಡಿಮೆಯಾಗುತ್ತದೆ.

ಪೂಕುವೊಕ್ಕದ ಪ್ರತಿಯೊಂದು ಮನೆಯೂ ಎರಡು ಪೆಟ್ಟಿಗೆಗಳ ಜೋಡಣೆ. ಒಂದರಲ್ಲಿ ನಡುಮನೆ, ಮಲಗುವ ಕೋಣೆ ಮತ್ತು ಬಾಲ್ಕನಿ. ಇನ್ನೊಂದರಲ್ಲಿ ಅಡುಗೆಮನೆ, ಬಚ್ಚಲು ಮತ್ತು ಪ್ರವೇಶದ ಜಾಗ. ಪೆಟ್ಟಿಗೆಗಳು ಕಾರ್ಖಾನೆಯ ಸೂರಿನ ಕೆಳಗೆ ತಯಾರಾಗಿ, ಲಾರಿಯಲ್ಲಿ ಬಂದು, ಕ್ರೇನಿನಿಂದ ಒಂದರ ಮೇಲೊಂದು ಕೂತವು. ಮೊದಲ ಕಟ್ಟಡದ ನಿವೇಶನದ ಕೆಲಸ ಸುಮಾರು ಆರು ತಿಂಗಳಲ್ಲಿ ಮುಗಿಯಿತು. ನೀರಿನ ಮತ್ತು ಗಾಳಿಯ ಕೊಳವೆಗಳನ್ನು ಮನೆಯೊಳಗೆ ಹಾಯಿಸದೆ ಓಣಿಯ ಗೋಡೆಯಲ್ಲಿಟ್ಟಿರುವುದರಿಂದ, ಪ್ಲಂಬರು ರಿಪೇರಿಗೆ ಬಂದಾಗ ಯಾರ ಮನೆಯ ಬಾಗಿಲನ್ನೂ ತಟ್ಟಬೇಕಾಗಿಲ್ಲ. ವಾಸ್ತುಶಿಲ್ಪದ ಪ್ರಶಸ್ತಿಗಳಲ್ಲಿ ಇಂಥ ಸಣ್ಣ ವಿವೇಕಕ್ಕೆ ಅಂಕ ಎಷ್ಟೋ, ನನಗಂತೂ ಇದೇ ಹೆಚ್ಚು ಇಷ್ಟವಾಯಿತು.

ಇನ್ನೊಂದು ಸಂಗತಿಯನ್ನು ನಿಮ್ಮ ಮಗ ಬರೆದಂತಿಲ್ಲ. ಇಲ್ಲಿ ಮನೆಯ ಬೆಲೆಯ ಶೇಕಡಾ 7ರಷ್ಟನ್ನು ಮೊದಲು ಕಟ್ಟಿದರೆ ಉಳಿದದ್ದಕ್ಕೆ ಸರ್ಕಾರದ ಖಾತರಿಯಿರುವ ಸಾಲ ಸಿಗುತ್ತದೆ, ಮತ್ತು 20 ವರ್ಷ ಬಾಡಿಗೆಯ ರೂಪದಲ್ಲಿ ಕಂತು ಕಟ್ಟಿದವರು ಕೊನೆಗೆ ಮನೆಯ ಒಡೆಯರಾಗುತ್ತಾರೆ. ಮರದ ಜಾಣ್ಮೆಯಷ್ಟೇ ಈ ಹಣದ ಏರ್ಪಾಡೂ ಆ ಕಟ್ಟಡವನ್ನು ಎತ್ತಿ ನಿಲ್ಲಿಸಿದೆ ಎಂದು ನಾನು ಭಾವಿಸುತ್ತೇನೆ.

ಪ್ರಶ್ನೆ: ಮರವೆಂದರೆ ಸೌದೆಯೇ ಅಲ್ಲವೇ? ಒಂದು ಮನೆಗೆ ಬೆಂಕಿ ಬಿದ್ದರೆ ಎಂಟು ಮಹಡಿಯೂ ಉರಿದುಹೋಗುವುದಿಲ್ಲವೇ?
— ಓದುಗರೊಬ್ಬರು, ದಾವಣಗೆರೆ

ಉತ್ತರ: ನಿಮ್ಮ ಭಯಕ್ಕೆ ಇತಿಹಾಸದ ಬೆಂಬಲವಿದೆ. ಸ್ವೀಡನ್ನಿನ ಸುಂಡ್ಸ್‌ವಾಲ್ ಮತ್ತು ಉಮಿಯೊ ಎಂಬ ಎರಡು ಮರದ ಪಟ್ಟಣಗಳು 1888ರ ಜೂನ್ 25ರಂದು, ಒಂದೇ ದಿನ, ಬೆಂಕಿಗೆ ಆಹುತಿಯಾದವು. ಹತ್ತೊಂಬತ್ತನೆಯ ಶತಮಾನದ ಇಂಥ ಅನಾಹುತಗಳ ನೆನಪಿನಲ್ಲಿ, ಎರಡಕ್ಕಿಂತ ಹೆಚ್ಚು ಅಂತಸ್ತಿನ ಮರದ ಕಟ್ಟಡಗಳನ್ನು ಕಟ್ಟಬಾರದೆಂಬ ನಿರ್ಬಂಧ ಆ ದೇಶದಲ್ಲಿ 1994ರವರೆಗೂ ಉಳಿದಿತ್ತು.

ಅದನ್ನು ತೆರವುಗೊಳಿಸಿದ್ದು ಧೈರ್ಯದ ಮೇಲಲ್ಲ, ಅಳತೆಯ ಮೇಲೆ. ಒಲೆಗೆ ಚಕ್ಕೆ ಹಾಕಿದರೆ ಕೂಡಲೇ ಹೊತ್ತಿಕೊಳ್ಳುತ್ತದೆ. ದಪ್ಪ ಕೊರಡು ಹಾಕಿದರೆ ಹೊರಗೆ ಕಪ್ಪಾಗಿ ಗಂಟೆಗಟ್ಟಲೆ ಹಾಗೆಯೇ ಇರುತ್ತದೆ ಎಂಬುದು ಸೌದೆ ಒಲೆ ಉರಿಸಿದವರಿಗೆಲ್ಲ ಗೊತ್ತು. ಹೊರಮೈಯ ಇದ್ದಿಲು ಒಳಗಿನ ಮರಕ್ಕೆ ಶಾಖ ತಾಗದಂತೆ ತಡೆಯುವುದೇ ಇದಕ್ಕೆ ಕಾರಣ. ಯುರೋಪಿನ ವಿನ್ಯಾಸ ಸಂಹಿತೆ ಮೆದುಮರದ ಘನ ಫಲಕ ನಿಮಿಷಕ್ಕೆ 0.65 ಮಿಲಿಮೀಟರಿನಂತೆ ಇದ್ದಿಲಾಗುತ್ತದೆ ಎಂದು ಲೆಕ್ಕ ಹಿಡಿಯುತ್ತದೆ. ಅಂದರೆ ಒಂದು ಗಂಟೆಯಲ್ಲಿ ನಾಲ್ಕು ಸೆಂಟಿಮೀಟರು. ಆ ನಾಲ್ಕು ಸೆಂಟಿಮೀಟರು ಹೋದ ಮೇಲೂ ಉಳಿದ ದಪ್ಪ ಕಟ್ಟಡವನ್ನು ಹೊರುವಂತೆ ಎಂಜಿನಿಯರರು ಮೊದಲೇ ಗೋಡೆಯ ಅಳತೆಯನ್ನು ಗೊತ್ತುಮಾಡುತ್ತಾರೆ, ಮೇಲೆ ಜಿಪ್ಸಂ ಹಲಗೆಯ ಹೊದಿಕೆ ಹಾಕುತ್ತಾರೆ. ಫಿನ್ಲೆಂಡಿನಲ್ಲಂತೂ ಇಂಥ ಕಟ್ಟಡಗಳಿಗೆ ತಾನಾಗಿ ನೀರು ಸಿಂಪಡಿಸುವ ಸ್ಪ್ರಿಂಕ್ಲರು ಕಡ್ಡಾಯ.

ಆದರೂ ಪ್ರಶ್ನೆ ಇಲ್ಲಿಗೆ ತೀರಿತೆಂದು ಹೇಳಲಾರೆ. ಪದರಗಳನ್ನು ಹಿಡಿದಿರುವ ಅಂಟು ಶಾಖಕ್ಕೆ ಸೋತು ಸುಟ್ಟ ಹಲಗೆ ಕಳಚಿ ಬಿದ್ದರೆ ಒಳಗಿನ ಹಸನಾದ ಮರ ಬೆಂಕಿಗೆ ಎದುರಾಗುತ್ತದೆ, ಲೆಕ್ಕ ತಪ್ಪುತ್ತದೆ. ಕೋಣೆಯ ಎಲ್ಲ ಗೋಡೆಗಳ ಮರವನ್ನೂ ಅಂದಕ್ಕಾಗಿ ತೆರೆದಿಟ್ಟರೆ ಉರಿಯುವ ಸರಕು ತಾನಾಗಿಯೇ ಹೆಚ್ಚುತ್ತದೆ. ಲಂಡನ್ನಿನ ಗ್ರೆನ್‌ಫೆಲ್ ಟವರಿನಲ್ಲಿ 2017ರ ಜೂನ್ 14ರಂದು ಬೆಂಕಿ ಹಬ್ಬಿ 72 ಜನರು ಸತ್ತರು. ಅದು ಮರದ ಕಟ್ಟಡವಲ್ಲ. ಕಾಂಕ್ರೀಟು ಕಟ್ಟಡಕ್ಕೆ ನಂತರ ತೊಡಿಸಿದ ಹೊರಹೊದಿಕೆ ಅಲ್ಲಿ ಉರಿಯಿತು. ಆದರೆ ಅದರ ಬಳಿಕ ಇಂಗ್ಲೆಂಡಿನಲ್ಲಿ 2018ರ ಕೊನೆಗೆ ಬಂದ ನಿಯಮವು 18 ಮೀಟರಿಗಿಂತ ಎತ್ತರದ ವಸತಿ ಕಟ್ಟಡಗಳ ಹೊರಗೋಡೆಯಲ್ಲಿ ಉರಿಯಬಲ್ಲ ಯಾವ ವಸ್ತುವೂ ಇರಬಾರದೆಂದಿತು, ಮತ್ತು ಭಾರ ಹೊರುವ ಮರದ ಗೋಡೆಯೂ ಅದರಲ್ಲಿ ಸಿಕ್ಕಿಕೊಂಡಿತು. ಲಂಡನ್ನಿನ ಹ್ಯಾಕ್ನಿಯಲ್ಲಿ 2009ರಲ್ಲಿ ಮುಗಿದ ಮರ್ರೆ ಗ್ರೋವ್ ಎಂಬ ಒಂಬತ್ತು ಮಹಡಿಯ ಕಟ್ಟಡ ಈ ಪದ್ಧತಿಗೆ ಜಗತ್ತಿನಲ್ಲೇ ದಾರಿ ತೋರಿದ್ದು. ಅದರ ಮೇಲಿನ ಎಂಟು ಮಹಡಿಗಳ ಮರದ ಚೌಕಟ್ಟನ್ನು ನಾಲ್ವರು ಬಡಗಿಗಳು 27 ದಿನಗಳ ಕೆಲಸದಲ್ಲಿ ನಿಲ್ಲಿಸಿದ್ದರು. ಅಂಥ ಕಟ್ಟಡವನ್ನು ಹಾಗೆಯೇ ಮತ್ತೊಮ್ಮೆ ಕಟ್ಟಲು ಇಂದು ಅದೇ ಊರಿನಲ್ಲಿ ಅವಕಾಶವಿಲ್ಲ.

ಪ್ರಶ್ನೆ: ಮರ ಕಡಿದು ಮನೆ ಕಟ್ಟುವುದನ್ನು ಪರಿಸರಸ್ನೇಹಿ ಎಂದು ಕರೆಯುವುದು ಯಾವ ನ್ಯಾಯ? ನಮ್ಮ ಕಡೆ ಒಂದು ಮರ ಕಡಿದರೆ ಅರಣ್ಯ ಇಲಾಖೆಯವರು ಮನೆ ಬಾಗಿಲಿಗೆ ಬರುತ್ತಾರೆ.
— ಕಾಫಿ ಬೆಳೆಗಾರರು, ಸೋಮವಾರಪೇಟೆ

ಉತ್ತರ: ಮರದ ಒಣತೂಕದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಇಂಗಾಲವಿರುತ್ತದೆ. ಒಂದು ಘನ ಮೀಟರು ಸ್ಪ್ರೂಸಿನಲ್ಲಿ 400 ಕಿಲೋಗ್ರಾಂ ಒಣ ಮರವಿದೆ ಎಂದಿಟ್ಟುಕೊಂಡರೆ, ಅದರಲ್ಲಿರುವ 200 ಕಿಲೋಗ್ರಾಂ ಇಂಗಾಲವು ಗಾಳಿಯಿಂದ ಹೀರಿದ ಸುಮಾರು 730 ಕಿಲೋಗ್ರಾಂ ಇಂಗಾಲದ ಡೈಆಕ್ಸೈಡಿಗೆ ಸಮ. ಸಿಮೆಂಟಿನ ಕತೆ ಇದಕ್ಕೆ ತದ್ವಿರುದ್ಧ: ಸುಣ್ಣಕಲ್ಲನ್ನು ಸುಟ್ಟಾಗ ಕಲ್ಲಿನೊಳಗಿನ ಇಂಗಾಲವೂ ಗೂಡಿನ ಇಂಧನದ ಇಂಗಾಲವೂ ಒಟ್ಟಿಗೆ ಗಾಳಿಗೆ ಸೇರುತ್ತವೆ. ಈ ಎರಡು ವಾಕ್ಯಗಳನ್ನೇ ಪಕ್ಕಪಕ್ಕದಲ್ಲಿಟ್ಟು ಮಾರಾಟದ ಕರಪತ್ರಗಳು ಮಾತು ಮುಗಿಸುತ್ತವೆ. ಅಲ್ಲಿಗೆ ಮುಗಿಸುವುದು ಸರಿಯಲ್ಲ.

ಕಡಿದ ಜಾಗದಲ್ಲಿ ಮತ್ತೆ ಅಷ್ಟೇ ಮರ ಬೆಳೆದು ನಿಂತರೆ ಮಾತ್ರ ಆ 730 ಕಿಲೋಗ್ರಾಂ ನಿಜವಾದ ಉಳಿತಾಯ. ದಕ್ಷಿಣ ಫಿನ್ಲೆಂಡಿನಲ್ಲಿ ಸ್ಪ್ರೂಸ್ ಬಲಿಯಲು ಅರವತ್ತು ಎಪ್ಪತ್ತು ವರ್ಷಗಳಾದರೂ ಬೇಕು. ಮೊಮ್ಮಗ ಕಡಿಯಲೆಂದು ಅಜ್ಜ ನೆಡುವ ಲೆಕ್ಕ ಅದು. ಮರ ಸಾಗಿಬಂದ ದೂರ, ಒಣಗಿಸಲು ಬಳಸಿದ ಶಾಖ, ಅಂಟು, ದಿಮ್ಮಿಯಲ್ಲಿ ಹಲಗೆಯಾಗದೆ ಉಳಿದ ಭಾಗದ ಗತಿ ಇವೆಲ್ಲವೂ ಲೆಕ್ಕಕ್ಕೆ ಬರಬೇಕು. ನೂರು ವರ್ಷದ ನಂತರ ಕಟ್ಟಡ ಕೆಡವಿ ಫಲಕವನ್ನು ಸುಟ್ಟರೆ ಹಿಡಿದಿಟ್ಟ ಇಂಗಾಲ ಮರಳಿ ಗಾಳಿಗೇ ಹೋಗುತ್ತದೆ. ಆದ್ದರಿಂದಲೇ, ಅಂಟಿನ ಬದಲು ಸ್ಕ್ರೂ ಮತ್ತು ಬ್ರಾಕೆಟ್ಟುಗಳಿಂದ ಜೋಡಿಸಿ, ಬಿಚ್ಚಿ ಬೇರೆಡೆ ಮತ್ತೆ ಕಟ್ಟುವಂತಿರುವ ಪೆಟ್ಟಿಗೆಗಳ ಪದ್ಧತಿಗೆ ಬೆಲೆ ಹೆಚ್ಚು.

ಮರವನ್ನು ಮಿತವಾಗಿ ಬಳಸುವುದು ಹೇಗೆಂಬುದಕ್ಕೆ ಬಾರ್ಸಿಲೋನಾದ ಹೊರವಲಯದ ಕಾರ್ನೆಯಾದಲ್ಲಿ 2021ರ ಹೊತ್ತಿಗೆ ಸಿದ್ಧವಾದ 85 ಸಾಮಾಜಿಕ ವಸತಿ ಮನೆಗಳನ್ನು ನೋಡಬೇಕು. ಪೆರಿಸ್ ಮತ್ತು ತೊರಾಲ್ ಎಂಬ ವಾಸ್ತುಶಿಲ್ಪಿಗಳು ಮಹಾನಗರ ಪ್ರದೇಶದ ಸರ್ಕಾರಿ ವಸತಿ ಸಂಸ್ಥೆಗಾಗಿ ರೂಪಿಸಿದ ಈ ಕಟ್ಟಡದಲ್ಲಿ ಓಣಿಗಳೇ ಇಲ್ಲ. ಹೆಚ್ಚುಕಡಿಮೆ ಒಂದೇ ಅಳತೆಯ 543 ಕೋಣೆಗಳು ಒಂದರಿಂದೊಂದಕ್ಕೆ ತೆರೆದುಕೊಂಡಿವೆ. ಯಾವುದು ಮಲಗುವ ಕೋಣೆ, ಯಾವುದು ನಡುಮನೆ ಎಂಬುದನ್ನು ಇರುವವರೇ ನಿರ್ಧರಿಸಿಕೊಳ್ಳಬಹುದು. ಕೋಣೆಯ ಅಗಲವನ್ನು ಮರದ ಹಾಸಿನ ಶಕ್ತಿಗೆ ತಕ್ಕಂತೆ ಚಿಕ್ಕದಾಗಿಟ್ಟದ್ದರಿಂದ ಒಂದು ಚದರ ಮೀಟರು ಕಟ್ಟಡಕ್ಕೆ ಬೇಕಾದ ಮರ 0.24 ಘನ ಮೀಟರಿನಲ್ಲಿ ಮುಗಿಯಿತು. ಮರ ಬಂದದ್ದೂ ಅದೇ ದೇಶದ ಬಾಸ್ಕ್ ಪ್ರದೇಶದ ನೆಡುತೋಪುಗಳಿಂದ. ನಡುವೆ ಅಂಗಳ, ಅದರ ಸುತ್ತ ಜಗಲಿಯಂಥ ಓಡಾಟದ ಜಾಗ ಇರುವುದನ್ನು ಚಿತ್ರದಲ್ಲಿ ಕಂಡಾಗ ನಮ್ಮ ತೊಟ್ಟಿಮನೆ ನೆನಪಾಯಿತೆಂದರೆ ಅದು ನನ್ನ ಪಕ್ಷಪಾತವಿರಬಹುದು.

ನಿಮ್ಮ ತೋಟದ ನೆರಳಿಗೆ ನಿಂತಿರುವ ಸಿಲ್ವರ್ ಓಕ್ ಕೂಡ ಒಂದು ಅರ್ಥದಲ್ಲಿ ನೆಡುತೋಪಿನ ಮರವೇ. ಅದು ಇಂದು ಪ್ಲೈವುಡ್ಡಿಗೂ ಪ್ಯಾಕಿಂಗ್ ಪೆಟ್ಟಿಗೆಗೂ ಹೋಗುತ್ತಿದೆ. ಕಾಡಿನ ಹೊನ್ನೆ, ಬೀಟೆಗಳ ಮಾತನ್ನೂ ನೆಟ್ಟು ಬೆಳೆಸಿದ ಮರದ ಮಾತನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದೆಂಬುದಷ್ಟೇ ನನ್ನ ವಿನಂತಿ.

ಪ್ರಶ್ನೆ: ನಮ್ಮ ಜಿಲ್ಲೆಯಲ್ಲಿ ಆಗಾಗ ಭೂಮಿ ಕಂಪಿಸುತ್ತದೆ. ಭೂಕಂಪಕ್ಕೆ ಈ ಮನೆಗಳು ತಡೆಯುತ್ತವೆಯೇ?
— ಓದುಗರೊಬ್ಬರು, ಚಿಂಚೋಳಿ

ಉತ್ತರ: ಚೆನ್ನಾಗಿಯೇ ತಡೆಯುತ್ತವೆ. ಇಟಲಿಯ ಸಂಶೋಧಕರು 2007ರಲ್ಲಿ ಏಳು ಮಹಡಿಯ ಪೂರ್ಣಗಾತ್ರದ ಸಿಎಲ್‌ಟಿ ಕಟ್ಟಡವೊಂದನ್ನು ಜಪಾನಿನ ಮಿಕಿ ಎಂಬಲ್ಲಿರುವ ಬೃಹತ್ ಕಂಪನ ವೇದಿಕೆಯ ಮೇಲೆ ನಿಲ್ಲಿಸಿ, 1995ರ ಕೋಬೆ ಭೂಕಂಪದಂತೆಯೇ ಅಲ್ಲಾಡಿಸಿ ನೋಡಿದ್ದಾರೆ, ಕಟ್ಟಡ ಬೀಳಲಿಲ್ಲ. ಹಗುರವಾದದ್ದಕ್ಕೆ ಭೂಕಂಪದ ಎಳೆತ ಕಡಿಮೆ, ಉಳಿದದ್ದನ್ನು ಕೀಲುಗಳಲ್ಲಿರುವ ಉಕ್ಕಿನ ಬ್ರಾಕೆಟ್ಟುಗಳು ಬಾಗಿ ನುಂಗಿಕೊಳ್ಳುತ್ತವೆ. ಮಿಲಾನ್ ನಗರದಲ್ಲಿ 2013ರಲ್ಲಿ ಮುಗಿದ ವಿಯಾ ಚೆನ್ನಿ ಸಾಮಾಜಿಕ ವಸತಿಯ ಒಂಬತ್ತು ಮಹಡಿಯ ನಾಲ್ಕು ಗೋಪುರಗಳೂ ಇದೇ ಪದ್ಧತಿಯವು.

ಪ್ರಶ್ನೆ: ನಾನು ಇಂಗ್ಲೆಂಡಿನ ಲೀಡ್ಸ್ ನಗರದಲ್ಲಿದ್ದೇನೆ. ಇಲ್ಲಿಗೆ ಹತ್ತಿರದಲ್ಲೇ ಇದ್ದ ಮನೆ ತಯಾರಿಸುವ ದೊಡ್ಡ ಕಾರ್ಖಾನೆ ಮುಚ್ಚಿತು. ಪದ್ಧತಿ ಇಷ್ಟು ಒಳ್ಳೆಯದಾಗಿದ್ದರೆ ಕಾರ್ಖಾನೆಗಳು ಏಕೆ ಮುಚ್ಚುತ್ತವೆ?
— ಕನ್ನಡಿಗರೊಬ್ಬರು, ಲೀಡ್ಸ್

ಉತ್ತರ: ಬಂದ ಪತ್ರಗಳಲ್ಲಿ ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು ಇದೇ. ನೀವು ಹೇಳುತ್ತಿರುವುದು ವಿಮೆ ಮತ್ತು ಪಿಂಚಣಿ ವ್ಯವಹಾರದ ಲೀಗಲ್ ಅಂಡ್ ಜನರಲ್ ಸಂಸ್ಥೆ 2016ರಲ್ಲಿ ಶೆರ್ಬರ್ನ್ ಇನ್ ಎಲ್ಮೆಟ್‌ನಲ್ಲಿ ಆರಂಭಿಸಿದ ಕಾರ್ಖಾನೆಯ ಬಗ್ಗೆ ಎಂದು ತಿಳಿಯುತ್ತೇನೆ. ಸಿಎಲ್‌ಟಿಯಿಂದಲೇ ಅದು ಕೆಲಸ ಶುರುಮಾಡಿತ್ತು. 2023ರ ಮೇ ತಿಂಗಳಲ್ಲಿ ಹೊಸ ಮನೆಗಳ ತಯಾರಿಕೆಯನ್ನು ನಿಲ್ಲಿಸುವುದಾಗಿ ಸಂಸ್ಥೆಯೇ ಪ್ರಕಟಿಸಿತು. ಮರುತಿಂಗಳೇ ಅದೇ ಸೀಮೆಯ, ಉಕ್ಕಿನ ಚೌಕಟ್ಟಿನ ಮನೆ ಮಾಡುತ್ತಿದ್ದ ಇಲ್ಕಿ ಹೋಮ್ಸ್ ಕೂಡ ಬಿದ್ದುಹೋಯಿತು. ಅಮೆರಿಕದಲ್ಲಿ 2015ರಲ್ಲಿ ಹುಟ್ಟಿ, ಸಾಫ್ಟ್‌ಬ್ಯಾಂಕಿನ ದೊಡ್ಡ ಬಂಡವಾಳದೊಂದಿಗೆ ಬೆಳೆದು, ವಾಷಿಂಗ್ಟನ್ ರಾಜ್ಯದಲ್ಲಿ ಭಾರೀ ಸಿಎಲ್‌ಟಿ ಕಾರ್ಖಾನೆಯನ್ನೇ ಕಟ್ಟಿದ ಕಟೆರಾ ಎಂಬ ಕಂಪನಿ 2021ರ ಜೂನಿನಲ್ಲಿ ದಿವಾಳಿಯಾಯಿತು. ನಮ್ಮ ಬೆಂಗಳೂರಿಗೆ ಹತ್ತಿರದ ಕೃಷ್ಣಗಿರಿಯಲ್ಲಿ ಕಾಂಕ್ರೀಟು ಘಟಕಗಳನ್ನು ತಯಾರಿಸುತ್ತಿದ್ದ ಕೆಇಎಫ್ ಸಂಸ್ಥೆ 2018ರಲ್ಲಿ ಅದರೊಂದಿಗೇ ವಿಲೀನವಾಗಿತ್ತು ಎಂಬುದನ್ನು ಇಲ್ಲಿಯ ಓದುಗರಿಗಾಗಿ ಸೇರಿಸುತ್ತೇನೆ.

ಇವುಗಳಲ್ಲಿ ಒಂದು ಮರದ್ದು, ಒಂದು ಉಕ್ಕಿನದು, ಮತ್ತೊಂದು ಎಲ್ಲವನ್ನೂ ಮಾಡಹೊರಟದ್ದು. ಆದ್ದರಿಂದ ತಪ್ಪನ್ನು ಮರದ ಮೇಲೆ ಹೊರಿಸುವಂತಿಲ್ಲ. ಸಾಮಾನ್ಯ ಗುತ್ತಿಗೆದಾರನಿಗೆ ಕೆಲಸವಿಲ್ಲದ ತಿಂಗಳಲ್ಲಿ ಖರ್ಚೂ ಕಡಿಮೆ. ಗಾರೆಯವರನ್ನು ಆತ ಕರೆಯುವುದೇ ಇಲ್ಲ. ಕಾರ್ಖಾನೆಗೆ ಹಾಗಲ್ಲ. ಶೆಡ್ಡಿನ ಬಾಡಿಗೆ, ಯಂತ್ರದ ಸಾಲದ ಬಡ್ಡಿ, ಸಂಬಳ ಇವೆಲ್ಲವೂ ಒಂದೂ ಮನೆ ಹೊರಗೆ ಹೋಗದ ತಿಂಗಳಲ್ಲೂ ಬಂದು ಬಾಗಿಲಲ್ಲಿ ನಿಲ್ಲುತ್ತವೆ. ನಿವೇಶನದ ಅನುಮತಿ ಆರು ತಿಂಗಳು ತಡವಾದರೆ ಸಿದ್ಧವಾದ ಪೆಟ್ಟಿಗೆಗಳನ್ನು ಇಡಲು ಜಾಗವಿಲ್ಲ, ಹೊಸವನ್ನು ಮಾಡಲು ದುಡ್ಡಿಲ್ಲ. ಪ್ರತಿಯೊಂದು ನಗರಸಭೆಯೂ ತನ್ನದೇ ನಕ್ಷೆ, ತನ್ನದೇ ಕಿಟಕಿ ಕೇಳಿದರೆ, ಒಂದೇ ಅಚ್ಚಿನಲ್ಲಿ ನೂರು ಮಾಡಿ ಬೆಲೆ ಇಳಿಸುವ ಲಾಭವೂ ಕೈತಪ್ಪುತ್ತದೆ. ಈ ಪದ್ಧತಿ ಸಾಮಾಜಿಕ ವಸತಿಗೆ ಒಗ್ಗುವುದೂ ಇದೇ ಕಾರಣಕ್ಕೆ: ಮಾರುಕಟ್ಟೆ ಬಿದ್ದಾಗ ಖಾಸಗಿ ಬಿಲ್ಡರು ಕೈಕಟ್ಟಿ ಕೂರುತ್ತಾನೆ, ಆದರೆ ಮನೆಯಿಲ್ಲದವರ ಪಟ್ಟಿ ಆಗಲೂ ಬೆಳೆಯುತ್ತಿರುತ್ತದೆ. ಮುಂದಿನ ಹತ್ತು ವರ್ಷ ಪ್ರತಿವರ್ಷ ಇಷ್ಟು ಮನೆ ಕೊಳ್ಳುತ್ತೇವೆ ಎಂದು ಬರೆದುಕೊಡಬಲ್ಲ ಸಾರ್ವಜನಿಕ ಸಂಸ್ಥೆ ಇಲ್ಲದ ಕಡೆ ಇಂಥ ಕಾರ್ಖಾನೆ ತೆರೆಯುವುದು ಜೂಜು ಎಂಬುದು ನನ್ನ ಖಚಿತ ಅಭಿಪ್ರಾಯ.

ಪ್ರಶ್ನೆ: ನಮ್ಮ ಪಂಚಾಯಿತಿಯಲ್ಲಿ ವಸತಿ ಯೋಜನೆಯ ಮನೆಗಳು ತಳಪಾಯದ ಮಟ್ಟದಲ್ಲೇ ವರ್ಷಗಟ್ಟಲೆ ನಿಂತಿರುತ್ತವೆ. ಕರ್ನಾಟಕದಲ್ಲಿ ಇಂಥ ಮರದ ಮನೆಗಳನ್ನು ತರಲು ಸಾಧ್ಯವಿಲ್ಲವೇ?
— ಗ್ರಾಮ ಪಂಚಾಯಿತಿ ಸದಸ್ಯರು, ಗುಬ್ಬಿ

ಉತ್ತರ: ಕಾರ್ಖಾನೆಯ ಮನೆ ನಮಗೆ ಹೊಸದಲ್ಲ. ದೇಶ ವಿಭಜನೆಯ ನಿರಾಶ್ರಿತರಿಗಾಗಿ 1948ರಲ್ಲೇ ದೆಹಲಿಯಲ್ಲಿ ಸರ್ಕಾರಿ ವಸತಿ ಕಾರ್ಖಾನೆಯೊಂದು ಆರಂಭವಾಗಿತ್ತು. ಮುಂದೆ ಅದೇ ಹಿಂದೂಸ್ತಾನ್ ಪ್ರಿಫ್ಯಾಬ್ ಆಯಿತು. 2021ರ ಜನವರಿ 1ರಂದು ಇಂದೋರ್, ರಾಜಕೋಟ್, ಚೆನ್ನೈ, ರಾಂಚಿ, ಅಗರ್ತಲಾ ಮತ್ತು ಲಖನೌಗಳಲ್ಲಿ ತಲಾ ಸುಮಾರು ಸಾವಿರ ಮನೆಗಳ ‘ಲೈಟ್ ಹೌಸ್’ ಯೋಜನೆಗಳಿಗೆ ಶಂಕುಸ್ಥಾಪನೆಯಾಯಿತು. ಆರೂ ಕಡೆ ಆರು ಬಗೆಯ ಹೊಸ ತಂತ್ರಜ್ಞಾನ. ರಾಂಚಿಯಲ್ಲಿ ಪೂಕುವೊಕ್ಕದಂತೆಯೇ ಇಡೀ ಕೋಣೆಗಳನ್ನು ಪೆಟ್ಟಿಗೆಗಳಾಗಿ ತಂದು ಜೋಡಿಸಲಾಯಿತು. ಆದರೆ ಅವು ಕಾಂಕ್ರೀಟಿನ ಪೆಟ್ಟಿಗೆಗಳು. ಆರರಲ್ಲಿ ಒಂದರಲ್ಲೂ ಮರವಿಲ್ಲ.

ಇದಕ್ಕೆ ಕಾರಣಗಳಿವೆ. 1988ರ ರಾಷ್ಟ್ರೀಯ ಅರಣ್ಯ ನೀತಿ ಮರಕ್ಕೆ ಬದಲಿ ವಸ್ತುಗಳನ್ನು ಬಳಸಬೇಕೆಂದಿತು. ಕೇಂದ್ರ ಲೋಕೋಪಯೋಗಿ ಇಲಾಖೆ ತನ್ನ ಕಟ್ಟಡಗಳಲ್ಲಿ ಮರದ ಬಳಕೆಯನ್ನು ನಿಷೇಧಿಸಿದ್ದು 1990ರ ದಶಕದಲ್ಲಿ, ಆ ನಿಷೇಧವನ್ನು ತೆಗೆದದ್ದು 2020ರಲ್ಲಿ. ಈ ನಡುವೆ ಒಂದು ತಲೆಮಾರಿನ ಎಂಜಿನಿಯರರು ಮರದ ಲೆಕ್ಕವನ್ನೇ ಮಾಡದೆ ನಿವೃತ್ತರಾದರು. ಮರದ ಮಾತು ಬಂದರೆ ಇಲಾಖೆಗಳಲ್ಲಿ ಬಾಗಿಲವಾಡದಾಚೆಗೆ ಯೋಚನೆ ಹೋಗದಿರುವುದಕ್ಕೆ ಅವರನ್ನು ದೂರಿ ಫಲವಿಲ್ಲ.

ಅದಲ್ಲದೆ ಗೆದ್ದಲಿದೆ. ಫಿನ್ಲೆಂಡಿನ ಚಳಿಯಲ್ಲಿ ಗೆದ್ದಲಿನ ಚಿಂತೆಯಿಲ್ಲ. ನಮ್ಮಲ್ಲಿ ಮೆದುಮರದ ಗೋಡೆಯನ್ನು ಔಷಧೋಪಚಾರವಿಲ್ಲದೆ ನೆಲಕ್ಕೆ ತಾಗಿಸಿ ನಿಲ್ಲಿಸಿದರೆ ಎರಡು ಮಳೆಗಾಲದಲ್ಲಿ ಅದರ ಗತಿ ಏನಾಗುವುದೆಂದು ನಿಮಗೆ ನಾನು ಹೇಳಬೇಕಾಗಿಲ್ಲ. ಮರದ ಬಾಳಿಕೆ ಮತ್ತು ಸಂರಕ್ಷಣೆಯ ಮೇಲೆ ಕೆಲಸ ಮಾಡುವ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆ ಮಲ್ಲೇಶ್ವರದಲ್ಲಿದೆ. ಬೆಂಗಳೂರಿನಲ್ಲೇ ಪ್ಲೈವುಡ್ ಸಂಶೋಧನೆಗೆಂದು ಹುಟ್ಟಿದ ಇಪಿರ್ಟಿ ಸಂಸ್ಥೆ ಬ್ರಿಟನ್ನಿನ ಮರ ಸಂಶೋಧನಾ ಸಂಸ್ಥೆಯೊಂದರ ಜೊತೆ ಸೇರಿ ಬಿದಿರಿನ ಮನೆಯ ಪದ್ಧತಿಯೊಂದನ್ನು ರೂಪಿಸಿತ್ತು: ಉಪಚರಿಸಿದ ಬಿದಿರಿನ ಕಂಬಗಳು, ಬಿದಿರ ಸೀಳಿನ ಜಾಲರಿಗೆ ಸಿಮೆಂಟು ಗಾರೆ ಬಳಿದ ತೆಳು ಗೋಡೆ, ಬಿದಿರ ಚಾಪೆಯನ್ನು ಒತ್ತಿ ಮಾಡಿದ ಸುಕ್ಕುತಗಡಿನ ಮಾಡು. ನಿಮ್ಮ ಗುಬ್ಬಿಗೆ ಎಂಟು ಮಹಡಿ ಬೇಕಿಲ್ಲ. ಒಂದಂತಸ್ತಿನ ಮನೆಗೆ ಆಸ್ಟ್ರಿಯಾದ ಸ್ಪ್ರೂಸನ್ನು ಹಡಗಿನಲ್ಲಿ ತರಿಸುವುದಕ್ಕಿಂತ ಈ ದಾರಿಯೇ ಲೇಸು.

ತಳಪಾಯದಲ್ಲೇ ನಿಂತ ಮನೆಗಳ ವಿಷಯ ಬೇರೆಯೇ. ಹಂತಹಂತಕ್ಕೆ ಫೋಟೊ ತೆಗೆದು, ಹಂತಹಂತಕ್ಕೆ ಹಣ ಬಿಡುಗಡೆ ಮಾಡುವ ನಮ್ಮ ಕ್ರಮವು ಫಲಾನುಭವಿ ತಾನೇ ನಿಂತು ಇಟ್ಟಿಗೆಯ ಮೇಲೆ ಇಟ್ಟಿಗೆ ಇಡುವ ಮನೆಗೆಂದು ಮಾಡಿದ್ದು. ಕಾರ್ಖಾನೆಯ ಮನೆಗೆ ಹೆಚ್ಚಿನ ಹಣ ಮೊದಲೇ ಬೇಕು, ಏಕೆಂದರೆ ತಳಪಾಯ ಅಗೆಯುವ ಹೊತ್ತಿಗೆ ಗೋಡೆ ಎಲ್ಲೋ ಶೆಡ್ಡಿನಲ್ಲಿ ಸಿದ್ಧವಾಗುತ್ತಿರುತ್ತದೆ. ಬಿಲ್ಲಿನ ಕ್ರಮ ಬದಲಾಗದೆ ಗೋಡೆಯ ವಸ್ತು ಮಾತ್ರ ಬದಲಾದರೆ, ತಳಪಾಯದ ಪಕ್ಕದಲ್ಲಿ ಮಳೆಗೆ ನೆನೆಯುತ್ತಿರುವ ಮರದ ಫಲಕವೊಂದನ್ನು ನೀವು ಹೆಚ್ಚುವರಿಯಾಗಿ ನೋಡಬೇಕಾದೀತು.

ಪ್ರಶ್ನೆ: ಮರದ ಮಹಡಿಯಲ್ಲಿ ಮೇಲಿನ ಮನೆಯವರು ನಡೆದಾಡುವುದೆಲ್ಲ ಕೆಳಗೆ ಕೇಳಿಸುವುದಿಲ್ಲವೇ?
— ಗೃಹಿಣಿ, ಮೈಸೂರು

ಉತ್ತರ: ಬರೀ ಫಲಕ ಹಾಸಿ ಬಿಟ್ಟರೆ ಖಂಡಿತ ಕೇಳಿಸುತ್ತದೆ, ಹಗುರತನ ಭೂಕಂಪಕ್ಕೆ ಒಳ್ಳೆಯದು, ಸದ್ದಿಗೆ ಕೆಟ್ಟದ್ದು. ಪೆಟ್ಟಿಗೆ ಪದ್ಧತಿಯಲ್ಲಿ ಮಾತ್ರ ಒಂದು ಅನುಕೂಲವಿದೆ. ಪ್ರತಿ ಪೆಟ್ಟಿಗೆಗೂ ತನ್ನದೇ ನೆಲ, ತನ್ನದೇ ಸೂರು ಇರುವುದರಿಂದ, ಒಂದರ ಮೇಲೊಂದು ಇಟ್ಟಾಗ ಎರಡು ಮನೆಗಳ ನಡುವೆ ಎರಡು ಹಾಸುಗಳೂ ಅವುಗಳ ಮಧ್ಯೆ ಸ್ವಲ್ಪ ತೆರವೂ ಉಳಿಯುತ್ತದೆ. ಮೂಲೆಗಳಲ್ಲಿ ರಬ್ಬರಿನಂಥ ಮೆತ್ತೆಗಳನ್ನು ಇಟ್ಟು ಒಂದು ಪೆಟ್ಟಿಗೆಯ ಕಂಪನ ಮತ್ತೊಂದಕ್ಕೆ ದಾಟದಂತೆ ಮಾಡುತ್ತಾರೆ. ಮೇಲಿನ ಮನೆಯಲ್ಲಿ ಒರಳು ಕುಟ್ಟಿದರೆ ಅಷ್ಟಕ್ಕೂ ಕೇಳಿಸೀತು, ಆದರೆ ಅದು ಕಾಂಕ್ರೀಟಿನ ಫ್ಲ್ಯಾಟಿನಲ್ಲೂ ಕೇಳಿಸುತ್ತದೆ.